ಶಾಲೆಗಳ ಪುನರಾರಂಭ: ಕಾಲ ಮತ್ತು ಕ್ರಮ
(ಗುರುಮಠಕಲ್ ಸೀಮೆಯನ್ನು ಲಕ್ಷ್ಯದಲ್ಲಿಟ್ಟು ಒಂದು ವಿವೇಚನೆ)

೧. ಪ್ರಶ್ನೆಯ ಸ್ವರೂಪ

ಸಾಂಕ್ರಾಮಿಕ ಜಾಡ್ಯವೊಂದು ನಾಡನ್ನು ಮುತ್ತಿದಾಗ ಶಾಲೆಗಳನ್ನು ಮುಚ್ಚುವುದು ಒಂದು ದಿನದ ಆಜ್ಞೆಯಿಂದ ನೆರವೇರುವ ಕಾರ್ಯ. ಮುಚ್ಚಿದ ಶಾಲೆಗಳನ್ನು ಮತ್ತೆ ತೆರೆಯುವುದು ಅಷ್ಟು ಸುಲಭವಲ್ಲ. ಎಂದು ತೆರೆಯಬೇಕು, ಎಲ್ಲಿ ಮೊದಲು ತೆರೆಯಬೇಕು, ಯಾವ ತರಗತಿಯವರನ್ನು ಮೊದಲು ಕರೆಯಬೇಕು ಎಂಬ ಮೂರು ಪ್ರಶ್ನೆಗಳಿಗೆ ಏಕಕಾಲದಲ್ಲಿ ಉತ್ತರ ಹೇಳಬೇಕಾಗುತ್ತದೆ. ಮೊದಲನೆಯ ಪ್ರಶ್ನೆಯನ್ನು ಕುರಿತು ೨೦೨೦ ಮತ್ತು ೨೦೨೧ರಲ್ಲಿ ಬಹಳ ಚರ್ಚೆ ನಡೆಯಿತು. ಮೂರನೆಯದನ್ನು ಕುರಿತು ನಡೆದುದು ಅತ್ಯಲ್ಪ. ಆದರೆ ಮಕ್ಕಳ ಮುಂದಿನ ಬಾಳನ್ನು ಹೆಚ್ಚಾಗಿ ನಿರ್ಧರಿಸಿದುದು ಈ ಮೂರನೆಯ ಪ್ರಶ್ನೆಗೆ ದೊರೆತ ಉತ್ತರವೇ ಎಂಬುದನ್ನು ಪ್ರಸ್ತುತ ಲೇಖನದಲ್ಲಿ ನಾವು ತೋರಿಸಬಯಸುತ್ತೇವೆ.

ಇದಕ್ಕೆ ಉದಾಹರಣೆಯಾಗಿ ಗುರುಮಠಕಲ್ ಸೀಮೆಯನ್ನು ಆರಿಸಿಕೊಂಡಿದ್ದೇವೆ. ಯಾದಗಿರಿ ಜಿಲ್ಲೆಯ ಪೂರ್ವದ ಅಂಚಿನಲ್ಲಿ, ತೆಲಂಗಾಣಕ್ಕೆ ತಗುಲಿಕೊಂಡಿರುವ ಪ್ರದೇಶವಿದು. ೧೯೪೮ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದು, ೧೯೫೬ರ ನವೆಂಬರ್ ೧ರಂದು ವಿಶಾಲ ಮೈಸೂರು ರಾಜ್ಯವನ್ನು ಸೇರಿದ ಭಾಗಕ್ಕೆ ಇದು ಸೇರಿದೆ. ಕನ್ನಡ, ತೆಲುಗು, ಉರ್ದು, ಲಂಬಾಣಿ ಭಾಷೆಗಳು ಇಲ್ಲಿ ಒಟ್ಟಿಗೆ ಕೇಳಿಬರುತ್ತವೆ. ೨೦೧೧ರ ಜನಗಣತಿಯಲ್ಲಿ ಕರ್ನಾಟಕದ ಸಾಕ್ಷರತೆ ಶೇಕಡಾ ೭೫ನ್ನು ದಾಟಿದ್ದಾಗ ಯಾದಗಿರಿ ಜಿಲ್ಲೆಯದು ಸುಮಾರು ಶೇಕಡಾ ೫೨ ಮಾತ್ರ ಇತ್ತು. ರಾಜ್ಯದಲ್ಲಿ ಅದೇ ಅತ್ಯಂತ ಕೆಳಗಿನ ಸ್ಥಾನ. ಮನೆಯಲ್ಲಿ ಓದು ಹೇಳಿಕೊಡಬಲ್ಲ ಹಿರಿಯರು ಕಡಮೆಯಿರುವ ಕಡೆ ಶಾಲೆ ಮುಚ್ಚಿದರೆ ಏನಾಗುತ್ತದೆಂಬುದನ್ನು ತಿಳಿಯಲು ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಸಿಕ್ಕುವುದು ಕಷ್ಟ.

೨. ಹಿಂದಿನ ಮಾರಿಗಳು ಕಲಿಸಿದುದು

ನಮ್ಮ ಹಿರಿಯರಿಗೆ ಮಾರಿಗಳು ಹೊಸವಾಗಿರಲಿಲ್ಲ. ೧೮೯೬ರಲ್ಲಿ ಮುಂಬಯಿಗೆ ಬಂದ ಪ್ಲೇಗು ೧೮೯೮ರಲ್ಲಿ ಬೆಂಗಳೂರನ್ನು ಹೊಕ್ಕಿತು. ಮುಂದೆ ಹಲವು ದಶಕಗಳ ಕಾಲ ಕನ್ನಡ ನಾಡಿನ ಊರುಗಳನ್ನು ಅದು ಕಾಡಿತು. ಅಂದಿನ ಜನ ಅನುಸರಿಸಿದ ಉಪಾಯ ಊರು ಬಿಡುವುದು. ಮನೆಗಳಲ್ಲಿ ಇಲಿ ಬೀಳತೊಡಗಿದರೆ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ಹೊರಗಿರುತ್ತಿದ್ದರು; ಇಲಿ ಬೀಳುವುದು ನಿಂತ ಮೇಲೆ ಮನೆಗಳನ್ನು ಸಾರಿಸಿ ಸುಣ್ಣ ಬಳಿದು ಹಿಂತಿರುಗುತ್ತಿದ್ದರು. ಇಲ್ಲಿ ಗಮನಿಸಬೇಕಾದ ಅಂಶಗಳು ಎರಡು. ಹೊರಡುವುದಕ್ಕೂ ಮರಳುವುದಕ್ಕೂ ಎಲ್ಲರ ಕಣ್ಣಿಗೆ ಕಾಣುವ ಗುರುತೊಂದಿತ್ತು. ನಿರ್ಧಾರ ಮಾಡುತ್ತಿದ್ದುದು ಆಯಾ ಊರು. ಪಕ್ಕದ ಊರಿನಲ್ಲಿ ಇಲಿ ಬಿದ್ದರೆ ಎಚ್ಚರಗೊಳ್ಳುತ್ತಿದ್ದರು, ನೂರು ಹರದಾರಿಯಾಚೆ ಬಿದ್ದರೆ ಬಿಡಾರ ಕೀಳುತ್ತಿರಲಿಲ್ಲ.

೧೯೧೮ರ ಇನ್‌ಫ್ಲುಯೆಂಜಾ ಬೇರೊಂದು ಬಗೆಯ ಪಾಠವನ್ನು ಕಲಿಸಿತು. ಭಾರತದಲ್ಲಿ ಒಂದು ಕೋಟಿಗೂ ಮೀರಿ ಜನರನ್ನು ಅದು ಬಲಿ ತೆಗೆದುಕೊಂಡಿತೆಂಬುದು ವಿದ್ವಾಂಸರ ಅಂದಾಜು. ಆ ವರ್ಷ ಅಮೆರಿಕದ ಬಹುತೇಕ ನಗರಗಳು ಶಾಲೆಗಳನ್ನು ಮುಚ್ಚಿದವು. ನ್ಯೂಯಾರ್ಕ್ ಮತ್ತು ಷಿಕಾಗೋ ನಗರಗಳು ಮುಚ್ಚಲಿಲ್ಲ. ನ್ಯೂಯಾರ್ಕಿನ ಆರೋಗ್ಯಾಧಿಕಾರಿಯಾಗಿದ್ದ ರಾಯಲ್ ಕೋಪ್‌ಲೆಂಡ್ ಇದಕ್ಕೆ ಕೊಟ್ಟ ಕಾರಣ ಇಂದಿಗೂ ವಿಚಾರಾರ್ಹವಾಗಿದೆ. ಆ ನಗರದ ಸುಮಾರು ಹತ್ತು ಲಕ್ಷ ಶಾಲಾಮಕ್ಕಳಲ್ಲಿ ಮುಕ್ಕಾಲು ಪಾಲು ಇಕ್ಕಟ್ಟಾದ ಬಾಡಿಗೆಯ ವಠಾರಗಳಲ್ಲಿ ವಾಸಿಸುತ್ತಿದ್ದರು. ಅಂಥ ಮನೆಗಿಂತ ಗಾಳಿ ಬೆಳಕುಳ್ಳ ಶಾಲೆ ಮೇಲು. ಅಲ್ಲಿ ಉಪಾಧ್ಯಾಯರು ದಿನವೂ ಮಗುವನ್ನು ನೋಡುತ್ತಾರೆ, ಜ್ವರ ಬಂದವರನ್ನು ಒಡನೆ ಪ್ರತ್ಯೇಕಿಸಬಹುದು ಎಂದು ಅವರು ವಾದಿಸಿದರು. ಮುಚ್ಚಿದ ಶಾಲೆಯನ್ನು ತೆರೆದ ಶಾಲೆಯೊಡನೆ ಹೋಲಿಸಿ ನಿಲ್ಲದೆ, ಶಾಲೆಯಿಲ್ಲದಾಗ ಮಗು ಎಲ್ಲಿರುತ್ತದೆ ಎಂಬುದನ್ನೂ ಕೇಳಿಕೊಂಡುದು ಈ ವಾದದ ವೈಶಿಷ್ಟ್ಯ.

ಇನ್‌ಫ್ಲುಯೆಂಜಾ ಮಕ್ಕಳ ಮೂಲಕ ವೇಗವಾಗಿ ಹರಡುವ ರೋಗ. ಆದಕಾರಣ ಅದನ್ನೇ ಮಾದರಿಯಾಗಿಟ್ಟುಕೊಂಡು ಅನಂತರ ಸಿದ್ಧವಾದ ಯೋಜನೆಗಳಲ್ಲಿ ಶಾಲೆ ಮುಚ್ಚುವುದು ಒಂದು ಮುಖ್ಯ ಉಪಾಯವಾಗಿ ಉಳಿಯಿತು. ೨೦೨೦ರಲ್ಲಿ ಕೊರೊನಾ ಬಂದಾಗ ರಾಷ್ಟ್ರಗಳು ಆ ಉಪಾಯವನ್ನೇ ಕೈಗೆತ್ತಿಕೊಂಡವು. ಯುನೆಸ್ಕೊ ಸಂಸ್ಥೆಯ ಲೆಕ್ಕದಂತೆ ಆ ವರ್ಷದ ಏಪ್ರಿಲ್ ವೇಳೆಗೆ ಜಗತ್ತಿನಲ್ಲಿ ೧೫೦ ಕೋಟಿಗೂ ಮೀರಿದ ವಿದ್ಯಾರ್ಥಿಗಳು ತರಗತಿಯಿಂದ ಹೊರಗಿದ್ದರು. ಆದರೆ ಕೊರೊನಾ ವೃದ್ಧರನ್ನು ತೀವ್ರವಾಗಿಯೂ ಎಳೆಯ ಮಕ್ಕಳನ್ನು ಬಹುಮಟ್ಟಿಗೆ ಸೌಮ್ಯವಾಗಿಯೂ ಬಾಧಿಸುವ ರೋಗವೆಂಬುದು ಕೆಲವೇ ತಿಂಗಳುಗಳಲ್ಲಿ ಸ್ಪಷ್ಟವಾಗತೊಡಗಿತು. ಹೊಸ ತಿಳಿವಳಿಕೆ ಬಂದ ಮೇಲೆ ಹಳೆಯ ಉಪಾಯವನ್ನು ಮರುಪರಿಶೀಲಿಸುವ ಹೊಣೆ ಎಲ್ಲ ಸರ್ಕಾರಗಳ ಮೇಲೂ ಬಿತ್ತು.

೩. ಕರ್ನಾಟಕದಲ್ಲಿ ನಡೆದುದು

ಘಟನೆಗಳ ಅನುಕ್ರಮವನ್ನು ಈಗ ನೋಡೋಣ. ಭಾರತದಲ್ಲಿ ಕೊರೊನಾದಿಂದ ಸಂಭವಿಸಿದ ಮೊದಲ ಸಾವು ೨೦೨೦ರ ಮಾರ್ಚಿಯಲ್ಲಿ ನೆರೆಯ ಕಲಬುರಗಿಯಿಂದ ವರದಿಯಾಯಿತು. ಆ ತಿಂಗಳ ನಡುವಿನಲ್ಲಿ ರಾಜ್ಯದ ಪ್ರಾಥಮಿಕ ಶಾಲೆಗಳು ಮುಚ್ಚಿದವು. ೨೫ರಿಂದ ದೇಶವ್ಯಾಪಿ ಲಾಕ್‌ಡೌನ್ ಜಾರಿಗೆ ಬಂದಿತು. ಯಾದಗಿರಿ ಜಿಲ್ಲೆಯಲ್ಲಿ ಮೊದಲ ಸೋಂಕು ಕಂಡುಬಂದುದಾದರೋ ಮೇ ತಿಂಗಳಲ್ಲಿ. ದುಡಿಯಲು ಗುಳೆ ಹೋಗಿದ್ದ ಜನ ಮಹಾರಾಷ್ಟ್ರ, ಗುಜರಾತು ಮೊದಲಾದ ಕಡೆಗಳಿಂದ ಹಿಂತಿರುಗಿದಾಗ ಅವರನ್ನು ಪ್ರತ್ಯೇಕವಾಗಿರಿಸಲು ಶಾಲೆಗಳೂ ವಿದ್ಯಾರ್ಥಿನಿಲಯಗಳೂ ಬಳಕೆಯಾದವು. ಹೀಗೆ ಪಾಠ ನಿಂತ ಕಟ್ಟಡಗಳು ಬೇರೊಂದು ಸಾರ್ವಜನಿಕ ಕಾರ್ಯಕ್ಕೆ ಒದಗಿದವು.

ಪುನರಾರಂಭದ ಮೊದಲ ಹೆಜ್ಜೆ ಪರೀಕ್ಷೆಗಾಗಿ ಇಟ್ಟುದು. ೨೦೨೦ರ ಜೂನ್ ೨೫ರಿಂದ ಎಸ್.ಎಸ್.ಎಲ್.ಸಿ. ಪರೀಕ್ಷೆಗಳು ನಡೆದವು, ಸುಮಾರು ಎಂಟೂವರೆ ಲಕ್ಷ ವಿದ್ಯಾರ್ಥಿಗಳು ಹೆಸರು ನೋಂದಾಯಿಸಿದ್ದರು. ಅನಂತರ ಆಗಸ್ಟ್‌ನಲ್ಲಿ ‘ವಿದ್ಯಾಗಮ’ ಎಂಬ ಯೋಜನೆ ಬಂದಿತು. ಮನೆಯಲ್ಲಿ ಸ್ಮಾರ್ಟ್‌ಫೋನು ಉಳ್ಳವರು, ಸಾಧಾರಣ ಫೋನು ಉಳ್ಳವರು, ಯಾವುದೂ ಇಲ್ಲದವರು ಎಂದು ಮಕ್ಕಳನ್ನು ವಿಂಗಡಿಸಿ, ಗುಡಿಯ ಅಂಗಳ, ಸಮುದಾಯ ಭವನ, ಮರದ ನೆರಳುಗಳಲ್ಲಿ ಶಿಕ್ಷಕರೇ ಬಂದು ಸಣ್ಣ ಗುಂಪುಗಳಿಗೆ ಪಾಠ ಹೇಳುವ ಏರ್ಪಾಡಿದು. ‘ವಠಾರ ಶಾಲೆ’ ಎಂಬ ಹೆಸರಿನಿಂದಲೂ ಜನ ಇದನ್ನು ಕರೆದರು. ಹಣವುಳ್ಳ ಮಕ್ಕಳಿಗೆ ಅಂತರಜಾಲವಿದ್ದಂತೆ, ಇಲ್ಲದವರಿಗೆ ಶಿಕ್ಷಕರೇ ನಡೆದು ಬರಬೇಕೆಂಬುದು ಇದರ ಹಿಂದಿನ ಭಾವನೆ. ಕೆಲವು ಶಿಕ್ಷಕರಿಗೂ ಮಕ್ಕಳಿಗೂ ಸೋಂಕು ತಗುಲಿದ ಸುದ್ದಿ ಹಬ್ಬಿದಾಗ ಅಕ್ಟೋಬರ್‌ನಲ್ಲಿ ಸರ್ಕಾರ ಅದನ್ನು ರಾಜ್ಯದಾದ್ಯಂತ ನಿಲ್ಲಿಸಿತು.

೨೦೨೧ರ ಜನವರಿ ೧ರಂದು ಹತ್ತನೆಯ ತರಗತಿ ಮತ್ತು ದ್ವಿತೀಯ ಪಿ.ಯು.ಸಿ. ಆರಂಭವಾದವು, ಆರರಿಂದ ಒಂಬತ್ತರವರೆಗಿನವರಿಗೆ ವಿದ್ಯಾಗಮ ಮರಳಿ ಬಂದಿತು. ಫೆಬ್ರವರಿಯಲ್ಲಿ ಒಂಬತ್ತನೆಯ ತರಗತಿ, ತಿಂಗಳ ಕೊನೆಯ ವೇಳೆಗೆ ಬಹುತೇಕ ಜಿಲ್ಲೆಗಳಲ್ಲಿ ಆರರಿಂದ ಎಂಟು ತೆರೆದವು. ಒಂದರಿಂದ ಐದರವರೆಗಿನ ಸರದಿ ಬರುವ ಮುನ್ನವೇ ಎರಡನೆಯ ಅಲೆ ಅಪ್ಪಳಿಸಿ ಏಪ್ರಿಲ್‌ನಲ್ಲಿ ಎಲ್ಲವೂ ಮುಚ್ಚತೊಡಗಿದವು. ಆ ಅಲೆ ಇಳಿದ ಮೇಲೆ ಆಗಸ್ಟ್ ೨೩ರಂದು ಒಂಬತ್ತನೆಯ ತರಗತಿಯಿಂದ ಮೇಲಿನವರು, ಸೆಪ್ಟೆಂಬರ್ ೬ರಂದು ಆರರಿಂದ ಎಂಟರವರು, ಅಕ್ಟೋಬರ್ ೨೫ರಂದು ಒಂದರಿಂದ ಐದರವರು, ನವೆಂಬರ್ ೮ರಂದು ಅಂಗನವಾಡಿಯ ಮಕ್ಕಳು ಒಳಗೆ ಬಂದರು.

ಎರಡು ಸಲವೂ ಬಾಗಿಲು ತೆರೆದ ಕ್ರಮ ಒಂದೇ ಎಂಬುದನ್ನು ವಾಚಕರು ಗಮನಿಸಬೇಕು. ದೊಡ್ಡವರು ಮೊದಲು, ಚಿಕ್ಕವರು ಕೊನೆಗೆ. ೨೦೨೦ರ ಜೂನ್‌ನಲ್ಲಿ ಒಂದನೆಯ ತರಗತಿಗೆ ಸೇರಬೇಕಾಗಿದ್ದ ಮಗು ಮೊತ್ತಮೊದಲು ತರಗತಿಯ ಕೋಣೆಯಲ್ಲಿ ಕುಳಿತುದು ಎರಡನೆಯ ತರಗತಿಯ ನಡುವಿನಲ್ಲಿ. ಹತ್ತೊಂಬತ್ತು ತಿಂಗಳಿಗೂ ಮಿಕ್ಕ ಅವಧಿಯಲ್ಲಿ ಅದಕ್ಕೆ ಶಿಕ್ಷಕರ ಸಾನ್ನಿಧ್ಯ ದೊರೆತಿದ್ದರೆ ಅದು ವಿದ್ಯಾಗಮದ ಎರಡು ತಿಂಗಳುಗಳಲ್ಲಿ ಮಾತ್ರ.

೪. ಶೇಕಡಾ ಎರಡರ ಅಳತೆ

೨೦೨೧ರ ಆಗಸ್ಟ್‌ನ ನಿರ್ಧಾರಕ್ಕೆ ಆಧಾರವಾಗಿದ್ದುದು ಪರೀಕ್ಷಿತರಲ್ಲಿ ಸೋಂಕಿತರ ಪ್ರಮಾಣ. ನೂರು ಜನರನ್ನು ಪರೀಕ್ಷಿಸಿದಾಗ ಎಷ್ಟು ಮಂದಿಯಲ್ಲಿ ಸೋಂಕು ಕಾಣುತ್ತದೆ ಎಂಬ ಸಂಖ್ಯೆಯಿದು. ಅದು ಎರಡಕ್ಕಿಂತ ಕಡಮೆಯಿರುವ ಜಿಲ್ಲೆಗಳಲ್ಲಿ ಶಾಲೆ ತೆರೆಯಬಹುದೆಂದು ಸರ್ಕಾರ ವಿಧಿಸಿತು. ಕೊಡಗು, ದಕ್ಷಿಣ ಕನ್ನಡ, ಉಡುಪಿ, ಹಾಸನ, ಚಿಕ್ಕಮಗಳೂರು ಜಿಲ್ಲೆಗಳು ಆ ಮಿತಿಯನ್ನು ಮೀರಿದ್ದುದರಿಂದ ಕಾಯಬೇಕಾಯಿತು. ಯಾದಗಿರಿಯಲ್ಲಿ ತೆರೆಯಲು ಅಡ್ಡಿಯಿರಲಿಲ್ಲ. ಇಡೀ ರಾಜ್ಯವನ್ನು ಒಂದೇ ಕೋಲಿನಿಂದ ಅಳೆಯದೆ ಜಿಲ್ಲೆಯ ಸ್ಥಿತಿಯನ್ನು ನೋಡಿದುದು ಹಿಂದಿನ ಪದ್ಧತಿಗಿಂತ ನಿಸ್ಸಂದೇಹವಾಗಿ ಉತ್ತಮವಾಗಿತ್ತು. ಪ್ಲೇಗಿನ ಕಾಲದ ಹಿರಿಯರು ಊರಿನ ಸ್ಥಿತಿಯನ್ನು ನೋಡುತ್ತಿದ್ದ ರೀತಿಗೆ ಇದು ಹತ್ತಿರವಾಗಿದೆ.

ಆದರೂ ಈ ಅಳತೆಯ ಮಿತಿಯನ್ನು ಅರಿಯಬೇಕು. ಒಂದು ಚಿಕ್ಕ ಪ್ರದೇಶದಲ್ಲಿ ದಿನಕ್ಕೆ ಐವತ್ತು ಜನರನ್ನು ಪರೀಕ್ಷಿಸುತ್ತಾರೆಂದು ಭಾವಿಸೋಣ. ಒಬ್ಬನಿಗೆ ಸೋಂಕಿದ್ದರೆ ಪ್ರಮಾಣ ಶೇಕಡಾ ೨. ಇಬ್ಬರಿಗಿದ್ದರೆ ಶೇಕಡಾ ೪. ಒಬ್ಬನ ವ್ಯತ್ಯಾಸದಿಂದ ಅಂಕೆ ಇಮ್ಮಡಿಯಾಗುತ್ತದೆ. ಜ್ವರ ಬಂದವರನ್ನು ಮಾತ್ರ ಪರೀಕ್ಷಿಸಿದರೆ ಅದು ಏರುತ್ತದೆ. ಆರೋಗ್ಯವಂತರನ್ನು ಹೆಚ್ಚು ಸೇರಿಸಿಕೊಂಡರೆ ಇಳಿಯುತ್ತದೆ. ಆದ್ದರಿಂದ ಒಂದು ದಿನದ ಅಂಕೆಯನ್ನು ನಂಬದೆ ಒಂದೆರಡು ವಾರಗಳ ಸರಾಸರಿಯನ್ನೂ, ಆಸ್ಪತ್ರೆಯಲ್ಲಿ ಬರಿದಾಗಿರುವ ಹಾಸಿಗೆಗಳನ್ನೂ, ಶಿಕ್ಷಕರಲ್ಲಿ ಎಷ್ಟು ಮಂದಿಗೆ ಲಸಿಕೆಯಾಗಿದೆ ಎಂಬುದನ್ನೂ ಕೂಡಿಸಿ ನೋಡುವುದು ಯುಕ್ತ. ಇಲಿಯಂತೆ ಕಣ್ಣಿಗೆ ಕಾಣುವ ಗುರುತಿಲ್ಲದ ರೋಗದಲ್ಲಿ ಅಂಕೆಯೇ ಗುರುತಾಗುವುದರಿಂದ, ಆ ಅಂಕೆ ಹೇಗೆ ಹುಟ್ಟಿತೆಂಬುದನ್ನು ಶಾಲಾ ಸಮಿತಿಯ ಸದಸ್ಯರಿಗೂ ತಂದೆತಾಯಿಗಳಿಗೂ ತಿಳಿಯಹೇಳಬೇಕು.

ಈ ಅಳತೆಯಲ್ಲಿ ಇನ್ನೊಂದು ವಿಸಂಗತಿಯೂ ಉಂಟು. ಆಗಸ್ಟ್ ೨೩ರಂದು ಯಾದಗಿರಿ ಜಿಲ್ಲೆ ಅರ್ಹವಾಗಿತ್ತು; ಆದರೆ ಆ ಅರ್ಹತೆ ಒಂಬತ್ತನೆಯ ತರಗತಿಯಿಂದ ಮೇಲಿನವರಿಗೆ ಮಾತ್ರ ಫಲಿಸಿತು. ಚಿಕ್ಕವರ ವಿಷಯದಲ್ಲಿ ಜಿಲ್ಲೆಯ ಸ್ಥಿತಿ ಹೇಗಿದ್ದರೂ ಇಡೀ ರಾಜ್ಯ ಒಟ್ಟಿಗೆ ಕಾಯಬೇಕಾಗಿತ್ತು. ದೊಡ್ಡವರನ್ನು ಸ್ಥಳ ನೋಡಿ ಕರೆದೆವು. ಚಿಕ್ಕವರನ್ನು ವಯಸ್ಸು ನೋಡಿ ತಡೆದೆವು. ಗುರುಮಠಕಲ್ಲಿಗೆ ಅನತಿದೂರದಲ್ಲಿರುವ ತೆಲಂಗಾಣದ ನಾರಾಯಣಪೇಟೆ ಜಿಲ್ಲೆಯಲ್ಲಿ ವಸತಿ ಶಾಲೆಗಳನ್ನು ಬಿಟ್ಟು ಉಳಿದ ಶಾಲೆಗಳು ಸೆಪ್ಟೆಂಬರ್ ೧ರಿಂದಲೇ ಎಲ್ಲ ತರಗತಿಗಳಿಗೂ ತೆರೆದವು. ಮಕ್ಕಳನ್ನು ಬಲವಂತಪಡಿಸಬಾರದೆಂದು ಅಲ್ಲಿಯ ಉಚ್ಚ ನ್ಯಾಯಾಲಯ ಸೂಚಿಸಿತ್ತು. ಗಡಿಯ ಈ ಬದಿಯ ಎರಡನೆಯ ತರಗತಿಯ ಮಗು ಮತ್ತೂ ಏಳೆಂಟು ವಾರ ಮನೆಯಲ್ಲಿತ್ತು. ನೆಂಟಸ್ತಿಕೆ, ಸಂತೆ, ವ್ಯಾಪಾರಗಳಿಂದ ಕೂಡಿಕೊಂಡಿರುವ ಈ ಎರಡು ಸೀಮೆಗಳ ನಡುವೆ ರೋಗಕ್ಕೆ ಗಡಿಯಿರಲಿಲ್ಲ, ಪಾಠಕ್ಕೆ ಇತ್ತು.

೫. ದೊಡ್ಡವರು ಮೊದಲು ಎಂಬುದರ ಹಿಂದಿನ ವಿಚಾರ

ಈ ಕ್ರಮವನ್ನು ಅವಿಚಾರದ ಫಲವೆಂದು ತಳ್ಳಿಹಾಕುವುದು ನ್ಯಾಯವಲ್ಲ. ದೊಡ್ಡ ಮಕ್ಕಳು ಮುಖಗವಸು ಧರಿಸಿ ಅಂತರ ಪಾಲಿಸಬಲ್ಲರು. ಚಿಕ್ಕವರಿಂದ ಅದನ್ನು ನಿರೀಕ್ಷಿಸುವುದು ಕಷ್ಟ. ಹತ್ತನೆಯ ತರಗತಿಯ ಪರೀಕ್ಷೆ ಬಡ ವಿದ್ಯಾರ್ಥಿಗೆ ಮುಂದಿನ ದಾರಿಯ ಹೆಬ್ಬಾಗಿಲು. ಎರಡನೆಯ ಅಲೆಯಲ್ಲಿ ನಾಡು ಅನೇಕ ಶಿಕ್ಷಕರನ್ನು ಕಳೆದುಕೊಂಡಿತ್ತು. ಅವರ ಸಹೋದ್ಯೋಗಿಗಳ ಭಯ ನಿಜವಾದ ಭಯವೇ ಆಗಿತ್ತು. ಚಿಕ್ಕ ಮಗು ತಾನು ನರಳದಿದ್ದರೂ ಮನೆಯ ಅಜ್ಜ ಅಜ್ಜಿಯರಿಗೆ ಸೋಂಕನ್ನು ಒಯ್ಯಬಹುದೆಂಬ ಶಂಕೆಯೂ ಇತ್ತು. ಇವೆಲ್ಲ ತೂಕವುಳ್ಳ ಮಾತುಗಳು.

ಆದರೆ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿಯೂ ತೂಕವಿತ್ತು. ಡೆನ್ಮಾರ್ಕ್ ದೇಶ ೨೦೨೦ರ ಏಪ್ರಿಲ್ ೧೫ರಂದೇ ಶಿಶುವಿಹಾರಗಳನ್ನೂ ಐದನೆಯ ತರಗತಿಯವರೆಗಿನ ಶಾಲೆಗಳನ್ನೂ ಮೊದಲು ತೆರೆದು, ದೊಡ್ಡವರನ್ನು ಅನಂತರ ಕರೆಯಿತು. ಭಾರತದಲ್ಲಿ ೨೦೨೧ರ ಜೂನ್-ಜುಲೈನಲ್ಲಿ ನಡೆದ ನಾಲ್ಕನೆಯ ರಾಷ್ಟ್ರೀಯ ರಕ್ತಪರೀಕ್ಷಾ ಸಮೀಕ್ಷೆಯಲ್ಲಿ ಆರರಿಂದ ಒಂಬತ್ತು ವರ್ಷದ ಮಕ್ಕಳಲ್ಲಿ ಶೇಕಡಾ ೫೭ ಮಂದಿಯಲ್ಲಿ ರೋಗನಿರೋಧಕ ಅಂಶಗಳು ಕಂಡುಬಂದವು. ಶಾಲೆಗಳು ಮುಚ್ಚಿದ್ದಾಗಲೇ ಅರ್ಧಕ್ಕಿಂತ ಹೆಚ್ಚು ಮಕ್ಕಳನ್ನು ಸೋಂಕು ಮುಟ್ಟಿತ್ತೆಂಬುದು ಇದರ ಅರ್ಥ. ಆ ಜುಲೈನಲ್ಲಿಯೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮಹಾನಿರ್ದೇಶಕರಾದ ಡಾ. ಬಲರಾಮ ಭಾರ್ಗವ ಅವರು, ಶಿಕ್ಷಕರಿಗೂ ಸಿಬ್ಬಂದಿಗೂ ಲಸಿಕೆಯಾದ ಮೇಲೆ ಪ್ರಾಥಮಿಕ ಶಾಲೆಗಳನ್ನು ಮೊದಲು ತೆರೆಯುವುದು ವಿವೇಕವೆಂದು ಬಹಿರಂಗವಾಗಿ ಹೇಳಿದರು. ಸೌಮ್ಯ ರೋಗದ ವಯಸ್ಸಿನವರು ಮೊದಲು ಬರಲಿ ಎಂಬ ಈ ಸಲಹೆಗೆ ನಮ್ಮಲ್ಲಿ ನಡೆದ ಕ್ರಮ ಸರಿಯಾಗಿ ತಿರುವುಮುರುವಾಗಿತ್ತು. ಪರೀಕ್ಷೆಯನ್ನು ಬರೆಯುವ ತರಗತಿಗೆ ಒತ್ತಾಯಿಸುವ ದನಿಗಳಿದ್ದವು. ಅಕ್ಷರ ಕಲಿಯಬೇಕಾದ ತರಗತಿಗೆ ಅಂಥ ದನಿಯಿರಲಿಲ್ಲ.

೬. ನಷ್ಟದ ಲೆಕ್ಕ

ಎಳೆಯರ ಕಾಯುವಿಕೆಯಿಂದ ಏನು ನಷ್ಟವಾಯಿತು? ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ೨೦೨೧ರ ಜನವರಿಯಲ್ಲಿ ಕರ್ನಾಟಕವೂ ಸೇರಿದಂತೆ ಐದು ರಾಜ್ಯಗಳ ೧೬,೦೦೦ಕ್ಕೂ ಹೆಚ್ಚು ಮಕ್ಕಳನ್ನು ಪರೀಕ್ಷಿಸಿದಾಗ, ಹಿಂದಿನ ವರ್ಷ ಬರುತ್ತಿದ್ದ ಭಾಷಾ ಸಾಮರ್ಥ್ಯಗಳಲ್ಲಿ ಒಂದನ್ನಾದರೂ ಶೇಕಡಾ ೯೨ ಮಕ್ಕಳು ಕಳೆದುಕೊಂಡಿದ್ದುದು ಕಂಡಿತು. ಗ್ರಾಮೀಣ ಕರ್ನಾಟಕದಲ್ಲಿ ನಡೆದ ಅಸರ್ ಸಮೀಕ್ಷೆಗಳ ಪ್ರಕಾರ ೨೦೧೮ರಲ್ಲಿ ಮೂರನೆಯ ತರಗತಿಯ ನೂರು ಮಕ್ಕಳಲ್ಲಿ ಸುಮಾರು ೧೯ ಮಂದಿ ಎರಡನೆಯ ತರಗತಿಯ ಪಾಠವನ್ನು ಓದಬಲ್ಲವರಾಗಿದ್ದರು. ೨೦೨೧ರಲ್ಲಿ ಆ ಸಂಖ್ಯೆ ಸುಮಾರು ೧೦ಕ್ಕೆ ಇಳಿಯಿತು. ಮೊದಲೇ ಕಡಮೆಯಿದ್ದುದು ಅರ್ಧವಾಯಿತು. ಕರ್ನಾಟಕವೂ ಒಳಗೊಂಡ ಹದಿನೈದು ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳ ಬಡ ಕುಟುಂಬಗಳಲ್ಲಿ ೨೦೨೧ರ ಆಗಸ್ಟ್‌ನಲ್ಲಿ ನಡೆದ ಇನ್ನೊಂದು ಸಮೀಕ್ಷೆಯಲ್ಲಿ, ಹಳ್ಳಿಯ ಮಕ್ಕಳ ಪೈಕಿ ಶೇಕಡಾ ೮ ಮಂದಿ ಮಾತ್ರ ನಿಯತವಾಗಿ ಅಂತರಜಾಲದ ಮೂಲಕ ಓದುತ್ತಿದ್ದರು. ಶೇಕಡಾ ೩೭ ಮಂದಿ ಓದನ್ನೇ ಬಿಟ್ಟಿದ್ದರು.

ಗುರುಮಠಕಲ್ ಸೀಮೆಯಲ್ಲಿ ಈ ಅಂಕೆಗಳಿಗೆ ವಿಶೇಷವಾದ ಅರ್ಥವುಂಟು. ತಾಂಡಾದ ಮಗು ಮನೆಯಲ್ಲಿ ಲಂಬಾಣಿಯನ್ನಾಡುತ್ತದೆ. ಗಡಿಯ ಹಳ್ಳಿಯ ಮಗು ಎಷ್ಟೋ ಮನೆಗಳಲ್ಲಿ ತೆಲುಗನ್ನಾಡುತ್ತದೆ. ಇಂಥ ಮಗುವಿಗೆ ಒಂದನೆಯ ಮತ್ತು ಎರಡನೆಯ ತರಗತಿಗಳು ಅಕ್ಷರ ಕಲಿಸುವ ತಾಣ ಮಾತ್ರವಲ್ಲದೆ, ಕನ್ನಡ ಭಾಷೆಯೇ ಕಿವಿಗೆ ಬೀಳುವ ಮೊದಲ ತಾಣವೂ ಆಗಿವೆ. ಹದಿನೈದು ವರ್ಷದವನು ತಪ್ಪಿಹೋದ ಪಾಠವನ್ನು ಪುಸ್ತಕ ತೆರೆದು ಓದಿಕೊಳ್ಳಬಲ್ಲನು, ಏಕೆಂದರೆ ಅವನಿಗೆ ಓದಲು ಬರುತ್ತದೆ. ಆರು ವರ್ಷದ ಮಗು ತಪ್ಪಿಸಿಕೊಂಡುದು ಆ ಓದನ್ನೇ.

ಅನ್ನದ ವಿಷಯವನ್ನೂ ಮರೆಯಲಾಗದು. ಬಿಸಿಯೂಟದ ‘ಅಕ್ಷರ ದಾಸೋಹ’ ಯೋಜನೆಯನ್ನು ರಾಜ್ಯ ೨೦೦೨ರ ಜೂನ್‌ನಲ್ಲಿ ಮೊದಲು ಆರಂಭಿಸಿದುದು ಅಂದಿನ ಗುಲಬರ್ಗಾ ಜಿಲ್ಲೆಯೂ ಸೇರಿದ ಏಳು ಉತ್ತರದ ಜಿಲ್ಲೆಗಳಲ್ಲಿ. ಯಾದಗಿರಿ ಆಗ ಗುಲಬರ್ಗಾದ ಭಾಗವಾಗಿತ್ತು. ಅಗತ್ಯ ಹೆಚ್ಚಾಗಿದ್ದ ಕಡೆ ಮೊದಲು ತಲುಪಬೇಕೆಂಬ ತತ್ತ್ವವನ್ನು ಅಂದು ಅನ್ನದ ವಿಷಯದಲ್ಲಿ ಒಪ್ಪಿದ್ದೆವು. ಶಾಲೆ ಮುಚ್ಚಿದಾಗ ಅಕ್ಕಿ ಬೇಳೆಗಳನ್ನು ಮನೆಗೆ ಹಂಚುವ ವ್ಯವಸ್ಥೆಯಾಯಿತಾದರೂ ಬಿಸಿಯೂಟ ಮರಳಿದುದು ೨೦೨೧ರ ಅಕ್ಟೋಬರ್ ಕೊನೆಯ ವೇಳೆಗೆ. ಮನೆಗೆ ಬಂದ ಧಾನ್ಯ ಇಡೀ ಕುಟುಂಬದ ಪಾತ್ರೆಯನ್ನು ಸೇರುತ್ತದೆ. ಶಾಲೆಯ ತಟ್ಟೆ ಮಗುವಿನದೇ ಆಗಿರುತ್ತದೆ.

೭. ಮುಂದಿನ ಸಲಕ್ಕೆ ಕೆಲವು ಸೂತ್ರಗಳು

ಇಂಥ ಸಂದರ್ಭ ಮತ್ತೆ ಒದಗಬಾರದೆಂಬುದು ಎಲ್ಲರ ಹಾರೈಕೆ. ಒದಗುವುದಿಲ್ಲವೆಂದು ಇತಿಹಾಸದ ವಿದ್ಯಾರ್ಥಿ ಹೇಳಲಾರನು. ಮೇಲಿನ ವಿವೇಚನೆಯಿಂದ ನಾಲ್ಕು ಸೂತ್ರಗಳನ್ನು ನಾವು ಮುಂದಿಡುತ್ತೇವೆ.

ಮೊದಲನೆಯದು, ರೋಗವು ಯಾವ ವಯಸ್ಸಿನವರನ್ನು ಹೇಗೆ ಬಾಧಿಸುತ್ತದೆ ಎಂಬುದನ್ನು ತಿಳಿದ ಕೂಡಲೇ ತೆರೆಯುವ ಕ್ರಮವನ್ನು ಅದಕ್ಕೆ ಹೊಂದಿಸಬೇಕು. ಎಳೆಯರಿಗೇ ಮಾರಕವಾದ ರೋಗ ಬಂದರೆ ಅವರು ಕೊನೆಗೆ ಬರಲಿ. ಕೊರೊನಾದಂಥದಾದರೆ ಮೊದಲು ಬರಲಿ. ಎರಡನೆಯದು, ಅಪಾಯ ಸಮಾನವಾಗಿರುವೆಡೆಯಲ್ಲಿ, ಮನೆಯಲ್ಲಿ ಶಾಲೆಗೆ ಬದಲಿಯಿಲ್ಲದ ಮಕ್ಕಳಿಗೆ ಆದ್ಯತೆ ಸಲ್ಲಬೇಕು. ಮೂರನೆಯದು, ನಿರ್ಧಾರದ ಘಟಕ ತಾಲ್ಲೂಕು ಅಥವಾ ಹೋಬಳಿಯಾಗಬೇಕು. ಒಂದೆಡೆಯ ಸೋಂಕಿಗಾಗಿ ವಿದ್ಯಾಗಮದಂಥ ಏರ್ಪಾಡನ್ನು ಎಲ್ಲೆಡೆ ನಿಲ್ಲಿಸಬಾರದು. ಕಲ್ಲುಗುಡ್ಡಗಳ ನಡುವಿನ ಒಂದು ತಾಂಡಾದ ಶಾಲೆಯಲ್ಲಿ ಇಪ್ಪತ್ತು ಮಕ್ಕಳನ್ನು ಬೇವಿನ ಮರದಡಿ ಕೂರಿಸುವುದು, ನಗರದ ಇಕ್ಕಟ್ಟಾದ ಕೋಣೆಯಲ್ಲಿ ಅರವತ್ತು ಮಕ್ಕಳನ್ನು ಕೂರಿಸುವುದು ಒಂದೇ ಅಲ್ಲ. ನಾಲ್ಕನೆಯದು, ಶಿಕ್ಷಕರ ರಕ್ಷಣೆ ಮೊದಲ ದಿನದಿಂದಲೇ ಯೋಜನೆಯ ಅಂಗವಾಗಬೇಕು. ಲಸಿಕೆ ಬಂದಾಗ ವೈದ್ಯರ ಹಿಂದೆಯೇ ಅವರ ಸರದಿಯಿರಬೇಕು. ವಯಸ್ಸಾದವರಿಗೆ, ರೋಗಪೀಡಿತರಿಗೆ ಬೇರೆ ಕೆಲಸ ಕೊಡಬೇಕು.

ತೆರೆದ ಮೇಲಿನ ಕೆಲಸವೂ ಇದರಷ್ಟೇ ಮುಖ್ಯ. ೨೦೨೨ರ ಮೇ ೧೬ರಂದು ಶಾಲೆಗಳನ್ನು ವಾಡಿಕೆಗಿಂತ ಮುಂಚಿತವಾಗಿ ಆರಂಭಿಸಿ ‘ಕಲಿಕಾ ಚೇತರಿಕೆ’ ಎಂಬ ಕಾರ್ಯಕ್ರಮವನ್ನು ರಾಜ್ಯ ಕೈಗೊಂಡುದು ಸರಿಯಾದ ಹೆಜ್ಜೆ. ಆದರೆ ಹತ್ತೊಂಬತ್ತು ತಿಂಗಳ ಕೊರತೆ ಒಂದು ವರ್ಷದ ಕಾರ್ಯಕ್ರಮದಿಂದ ತುಂಬುವಂಥದಲ್ಲ. ೨೦೨೦ರಲ್ಲಿ ಒಂದನೆಯ ತರಗತಿಗೆ ಸೇರಬೇಕಾಗಿದ್ದವರು ಹತ್ತನೆಯ ತರಗತಿಯ ಪರೀಕ್ಷೆಗೆ ಕೂರುವುದು ೨೦೩೦ರಲ್ಲಿ. ಅವರು ನಮ್ಮ ಕಾಲೇಜುಗಳ ಬಾಗಿಲಿಗೆ ಬರುವುದು ಅದಕ್ಕೂ ಎರಡು ವರ್ಷಗಳ ತರುವಾಯ. ಆಗ ಅವರ ಬರವಣಿಗೆಯಲ್ಲಿ ತೊಡಕು ಕಂಡರೆ ಅದಕ್ಕೆ ಅವರ ಆಲಸ್ಯವನ್ನು ಕಾರಣವೆಂದು ಹೇಳುವ ಮುನ್ನ ಅವರ ಮೊದಲ ಎರಡು ವರ್ಷಗಳನ್ನು ಅಧ್ಯಾಪಕರು ನೆನೆಯಬೇಕು.

ಕೊನೆಯದಾಗಿ ನಮ್ಮ ವಿಭಾಗದ ವಿದ್ಯಾರ್ಥಿಗಳಿಗೆ ಒಂದು ಸೂಚನೆ. ಆ ಎರಡು ವರ್ಷಗಳ ಹಾಜರಿ ಪುಸ್ತಕಗಳು, ದಾಖಲಾತಿ ವಹಿಗಳು, ಧಾನ್ಯ ಹಂಚಿದ ಪಟ್ಟಿಗಳು, ವಿದ್ಯಾಗಮದ ದಿನಚರಿಗಳು ಹಳ್ಳಿಯ ಶಾಲೆಗಳ ಕಪಾಟುಗಳಲ್ಲಿವೆ. ಗೆದ್ದಲಿಗೂ ಮಳೆಗೂ ಅವು ಬಹಳ ಕಾಲ ತಡೆಯಲಾರವು. ಯಾವ ಮಗು ಯಾವ ದಿನ ಮರಳಿ ಬಂದಿತು, ಯಾವ ಮಗು ಮರಳಲೇ ಇಲ್ಲ ಎಂಬುದು ಅವುಗಳಲ್ಲಿ ಮಾತ್ರ ಬರೆದಿದೆ. ಶಾಸನಗಳ ಪ್ರತಿ ತೆಗೆಯುವಷ್ಟೇ ಶ್ರದ್ಧೆಯಿಂದ ಮುಖ್ಯೋಪಾಧ್ಯಾಯರ ಅನುಮತಿ ಪಡೆದು ಅವುಗಳ ಪ್ರತಿಗಳನ್ನು ತೆಗೆದಿಟ್ಟರೆ, ಶಾಲೆಯ ಬಾಗಿಲನ್ನು ಮುಂದೆ ಎಂದು, ಯಾರಿಗೆ ಮೊದಲು ತೆರೆಯಬೇಕೆಂದು ನಿರ್ಧರಿಸುವವರಿಗೆ ಅವು ನೆರವಾಗುವುವು.